ಒಂದು ಅಂಕದ ಹಾಡು



ಹೊಳಲ್ಕೆರೆಯಂಥ ಊರಿನಲ್ಲಿ ಕುಳಿತು ಲಕ್ಸೆಂಬರ್ಗಿನ ಮಾತೆತ್ತುವ ಮುದುಕನನ್ನು ಕಂಡು ನೀವು ನಕ್ಕರೆ ನನಗೆ ಬೇಸರವಿಲ್ಲ. ಆ ದೇಶದ ಹೆಸರನ್ನು ನಮ್ಮಲ್ಲಿ ಬಹುಮಂದಿ ಭೂಗೋಳದ ಪಾಠದಲ್ಲಿ ಒಮ್ಮೆ ಓದಿ ಮರೆತಿರುತ್ತಾರೆ. ಅದರ ವಿಸ್ತಾರ 2,586 ಚದರ ಕಿಲೋಮೀಟರು. ನಮ್ಮ ಚಿತ್ರದುರ್ಗ ಜಿಲ್ಲೆಯದು 8,400 ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಎಂದರೆ ಜಿಲ್ಲೆಯ ಮೂರರಲ್ಲೊಂದು ಪಾಲಿಗೂ ಆ ದೇಶ ಸಾಲದು. ಅಲ್ಲಿನ ಜನಸಂಖ್ಯೆ ಇಂದಿಗೂ 7 ಲಕ್ಷದ ಒಳಗೇ ಇದೆ. ನಮ್ಮ ಜಿಲ್ಲೆಯಲ್ಲಿ 2011ರ ಗಣತಿಯ ವೇಳೆಗೇ 16 ಲಕ್ಷಕ್ಕೂ ಹೆಚ್ಚು ಜನರಿದ್ದರು. ಹೀಗಿದ್ದೂ ಆ ಪುಟ್ಟ ದೇಶಕ್ಕೂ ನನಗೂ ಈಚೆಗೆ ಒಂದು ಸಂಬಂಧ ಕಲ್ಪನೆಯಾಗಿದೆ. ಅದು ಒಂದು ಹಾಡಿನ ಮೂಲಕ, ಸರಿಯಾಗಿ ಹೇಳಬೇಕೆಂದರೆ ಒಂದು ಅಂಕದ ಮೂಲಕ ಆದ ಸಂಬಂಧ.

ಯೂರೋಪಿನ ಬಾನುಲಿ ಸಂಸ್ಥೆಗಳೆಲ್ಲ ಕೂಡಿ 1956ರಲ್ಲಿ ಹಾಡಿನ ಸ್ಪರ್ಧೆಯೊಂದನ್ನು ಆರಂಭಿಸಿದವು. ಯೂರೋವಿಷನ್ ಎಂದು ಅದರ ಹೆಸರು. ಸ್ವಿಟ್ಜರ್ಲೆಂಡಿನ ಲುಗಾನೊ ಎಂಬ ಊರಿನಲ್ಲಿ ನಡೆದ ಮೊದಲ ಸ್ಪರ್ಧೆಗೆ ಬಂದದ್ದು ಏಳೇ ದೇಶಗಳು. ಆ ಏಳರಲ್ಲಿ ಲಕ್ಸೆಂಬರ್ಗ್ ಒಂದು. ಎರಡನೆಯ ಸ್ಪರ್ಧೆಯಿಂದ ದೇಶಕ್ಕೊಂದು ಹಾಡು; ಒಂದು ದೇಶದವರು ತಮ್ಮ ಹಾಡಿಗೆ ತಾವೇ ಅಂಕ ಕೊಟ್ಟುಕೊಳ್ಳುವಂತಿಲ್ಲ. ಕೆಲವು ವರ್ಷ ನಿಯಮ ಹೀಗಿತ್ತು: ಪ್ರತಿಯೊಂದು ದೇಶದಲ್ಲಿಯೂ ಹತ್ತು ಮಂದಿ ತೀರ್ಪುಗಾರರು ಕುಳಿತು ಕೇಳುವರು, ಪ್ರತಿಯೊಬ್ಬರೂ ತಮಗೆ ಮೆಚ್ಚಿಗೆಯಾದ ಒಂದೇ ಒಂದು ಹಾಡಿಗೆ ಒಂದೇ ಒಂದು ಅಂಕ ಕೊಡುವರು.

ಲಕ್ಸೆಂಬರ್ಗಿನ ಜನ ಮನೆಯಲ್ಲಿ ಆಡುವ ನುಡಿ ಒಂದು, ಶಾಲೆಯಲ್ಲಿ ಅಕ್ಷರ ಕಲಿಯುವ ನುಡಿ ಮತ್ತೊಂದು, ಅವರ ಕಾನೂನು ಬರೆದಿರುವ ನುಡಿ ಮಗುದೊಂದು. ಮನೆಮಾತು ಲಕ್ಸೆಂಬರ್ಗಿಷ್, ಅಕ್ಷರಾಭ್ಯಾಸ ಜರ್ಮನಿನಲ್ಲಿ, ಶಾಸನ ಫ್ರೆಂಚಿನಲ್ಲಿ. ಹಾಡಿನ ಸ್ಪರ್ಧೆಗೆ ಅವರು ಕಳುಹಿಸುತ್ತಿದ್ದುದು ಫ್ರೆಂಚ್ ಹಾಡನ್ನು. 1960ರಲ್ಲಿ ಮಾತ್ರ ಯಾರಿಗೋ ಧೈರ್ಯ ಬಂತು. ಲಂಡನ್ನಿನಲ್ಲಿ ನಡೆದ ಆ ವರ್ಷದ ಸ್ಪರ್ಧೆಗೆ ಮನೆಮಾತಿನ ಹಾಡೊಂದನ್ನು ಕಳುಹಿಸಿದರು. ಹಾಡಿದವನು ಕ್ಯಾಮಿಲ್ಲೊ ಫೆಲ್ಗೆನ್. ಅವನು ಬಾನುಲಿಯ ಉದ್ಘೋಷಕ, ನಮ್ಮ ಬಳಗದವನೇ ಎನ್ನೋಣ. 'ನೀನಿರುವ ತನಕ' ಎಂಬ ಅರ್ಥದ ಒಂದು ಪ್ರೇಮಗೀತೆ. ಅಂದು ಹದಿಮೂರು ದೇಶಗಳಿದ್ದವು. ಹೊರಗಿನ ಹನ್ನೆರಡು ದೇಶಗಳಿಂದ ಹತ್ತು ಹತ್ತು ಮಂದಿಯಂತೆ 120 ಜನ ತೀರ್ಪುಗಾರರು ಆ ಹಾಡನ್ನು ಕೇಳಿದರು. 119 ಜನ ಬೇರೆ ಬೇರೆ ಹಾಡುಗಳನ್ನು ಮೆಚ್ಚಿದರು. ಒಬ್ಬ ಮಾತ್ರ ಈ ಹಾಡಿಗೆ ಅಂಕ ಹಾಕಿದ. ಲಕ್ಸೆಂಬರ್ಗಿಗೆ ಹದಿಮೂರನೆಯ, ಎಂದರೆ ಕಟ್ಟಕಡೆಯ ಸ್ಥಾನ.

ಮುಂದಿನ ವರ್ಷ, 1961ರಲ್ಲಿ, ಅದೇ ಲಕ್ಸೆಂಬರ್ಗ್ ಮತ್ತೆ ಫ್ರೆಂಚ್ ಹಾಡನ್ನು ಕಳುಹಿಸಿತು. ಹಾಡಲು ಫ್ರಾನ್ಸಿನ ಗಾಯಕ ಜಾನ್ ಕ್ಲೋಡ್ ಪಾಸ್ಕಾಲನನ್ನು ಕರೆತಂದಿತು. 31 ಅಂಕ, ಮೊದಲನೆಯ ಸ್ಥಾನ! 1962ರಲ್ಲಿ ನಮ್ಮ ಫೆಲ್ಗೆನ್ನನೇ ಮರಳಿ ಹೋದ, ಈ ಸಲ ಫ್ರೆಂಚಿನಲ್ಲಿ ಹಾಡಿದ, ಮೂರನೆಯವನಾದ. ಅದೇ ಕಂಠ, ಅದೇ ಮನುಷ್ಯ, ಎರಡು ವರ್ಷದ ಅಂತರ. ಬದಲಾದದ್ದು ಹಾಡು ಮತ್ತು ನುಡಿ. ಹಾಡೇ ಮೊದಲನೆಯದಕ್ಕಿಂತ ಚೆನ್ನಾಗಿತ್ತು ಎಂದು ವಾದಿಸುವವರಿಗೆ ನಾನು ಅಡ್ಡಬರಲಾರೆ. ಆದರೆ ಲಕ್ಸೆಂಬರ್ಗಿನವರು ಕಲಿತ ಪಾಠ ಬೇರೆ. 1965, 1972, 1973, 1983 ಹೀಗೆ ಇನ್ನೂ ನಾಲ್ಕು ಬಾರಿ ಅವರು ಗೆದ್ದರು. ಒಟ್ಟು ಐದು ಗೆಲವು. ಐದೂ ಹಾಡು ಫ್ರೆಂಚಿನವು. ಹಾಡಿದ ಐವರಲ್ಲಿ ಒಬ್ಬರೂ ಲಕ್ಸೆಂಬರ್ಗಿನವರಲ್ಲ. ಮನೆಮಾತಿನ ಹಾಡು ಮತ್ತೆ ಆ ವೇದಿಕೆಯೇರಲು 1992ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ, 1984ರಲ್ಲಿ, ಆ ನುಡಿ ಕಾನೂನಿನ ಮೂಲಕ ರಾಷ್ಟ್ರಭಾಷೆಯೂ ಆಗಿತ್ತು!

ಇದು ಲಕ್ಸೆಂಬರ್ಗ್ ಒಂದರ ಪಾಡಲ್ಲ. ಮಾಲ್ಟಾ ದ್ವೀಪದವರು 1971ರಲ್ಲಿಯೂ 1972ರಲ್ಲಿಯೂ ತಮ್ಮ ಮಾಲ್ಟೀಸ್ ನುಡಿಯಲ್ಲಿ ಹಾಡಿ, ಎರಡು ಸಲವೂ ಕೊನೆಯವರಾಗಿ, ಆಮೇಲೆ ಇಂಗ್ಲಿಷಿಗೆ ಶರಣಾದರು. ಐರ್ಲೆಂಡ್ ಏಳು ಬಾರಿ ಗೆದ್ದಿದೆ, ಏಳೂ ಇಂಗ್ಲಿಷಿನಲ್ಲಿ. ಐರಿಷ್ ನುಡಿಯಲ್ಲಿ ಹಾಡಿದ್ದು 1972ರಲ್ಲಿ ಒಮ್ಮೆ ಮಾತ್ರ, ಬಂದದ್ದು ಹದಿನೈದನೆಯ ಸ್ಥಾನ. ಪೋರ್ಚುಗಲ್ಲಿನ ಕಥೆ ಇದಕ್ಕೆ ಸ್ವಲ್ಪ ವಿರುದ್ಧವಾದದ್ದು. 1964ರಲ್ಲಿ ಮೊದಲ ಬಾರಿ ಬಂದಾಗ ಅದಕ್ಕೆ ದೊರೆತದ್ದು ಸೊನ್ನೆ. ಅದು ಬಹುಮಟ್ಟಿಗೆ ತನ್ನ ನುಡಿಯನ್ನೇ ಹಿಡಿದು ಹಾಡುತ್ತ ಹೋಗಿ, 53 ವರ್ಷಗಳ ಮೇಲೆ, 2017ರಲ್ಲಿ, ಪೋರ್ಚುಗೀಸ್ ಹಾಡಿನಿಂದಲೇ ಗೆದ್ದಿತು. ಎಲ್ಲರಿಗೂ 53 ವರ್ಷ ಕಾಯುವ ಸಹನೆ ಇರಲಾರದು.

ಲಕ್ಸೆಂಬರ್ಗಿನ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಸಾಗುತ್ತೇನೆ. ದೇಶ ಚಿಕ್ಕದಾದರೂ ಅದರ ಬಾನುಲಿ ದೊಡ್ಡದು. ರೇಡಿಯೋ ಲಕ್ಸೆಂಬರ್ಗಿನ ಇಂಗ್ಲಿಷ್ ಹಾಡುಗಳನ್ನು ಬ್ರಿಟನ್ನಿನ ಹುಡುಗರು ರಾತ್ರಿಯೆಲ್ಲ ಕೇಳುತ್ತಿದ್ದರಂತೆ. ನಮಗೂ ಅಂಥದೊಂದು ಅನುಭವವಿದೆ. 1952ರಲ್ಲಿ ಸಚಿವ ಕೇಸ್ಕರರು ಆಕಾಶವಾಣಿಯಿಂದ ಸಿನಿಮಾ ಹಾಡನ್ನು ದೂರವಿಟ್ಟಾಗ ನೆರೆಯ ಪುಟ್ಟ ಸಿಂಹಳದ ರೇಡಿಯೋ ಸಿಲೋನ್ ಭಾರತವನ್ನೆಲ್ಲ ಹಾಡಿನಿಂದ ತುಂಬಿತು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಹುಟ್ಟಿದ್ದು ಆ ವರ್ಷವೇ. ವಾರ ವಾರವೂ ಹಾಡುಗಳಿಗೆ ಒಂದನೆಯದು, ಎರಡನೆಯದು ಎಂದು ಪಟ್ಟ ಕಟ್ಟುತ್ತಿದ್ದ ಆ ಕಾರ್ಯಕ್ರಮವೂ ಒಂದು ಸ್ಪರ್ಧೆಯೇ. ನಾನು ಹುಡುಗನಾಗಿದ್ದಾಗ ಹೊಳಲ್ಕೆರೆಯ ಹೋಟೆಲಿನ ಬೆಂಚಿನ ಮೇಲೆ ಕುಳಿತು ಅದನ್ನು ಕೇಳಿದ್ದೇನೆ. ಅದು ಹಿಂದಿ ಹಾಡುಗಳ ಪಂದ್ಯ. ನಮ್ಮ ಹಾಡೇಕೆ ಅದರಲ್ಲಿಲ್ಲ ಎಂದು ಬೆಂಚಿನ ಮೇಲಿದ್ದ ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಲಿಲ್ಲ.

ಕನ್ನಡವನ್ನು ಲಕ್ಸೆಂಬರ್ಗಿನ ನುಡಿಗೆ ಹೋಲಿಸುವುದು ಲೆಕ್ಕದ ದೃಷ್ಟಿಯಿಂದ ತಪ್ಪು. 2011ರ ಗಣತಿಯಂತೆ ಕನ್ನಡ ತಾಯ್ನುಡಿಯಾಗಿರುವವರು 4.37 ಕೋಟಿ. ಯೂರೋಪಿನ ಎಷ್ಟೋ ದೇಶಗಳು ಈ ಸಂಖ್ಯೆಯ ಮುಂದೆ ಸಣ್ಣವು. ಆದರೆ ದಿಲ್ಲಿಯ ಪಂಕ್ತಿಯಲ್ಲಿ ಕುಳಿತಾಗ ನಾವು ನೂರಕ್ಕೆ ನಾಲ್ಕು ಮಂದಿಯೂ ಅಲ್ಲ. ಆ ಪಂಕ್ತಿಯಲ್ಲಿ ನಮ್ಮ ಹಾಡಿಗೆ ಏನಾಯಿತು ಎಂಬುದನ್ನು ನೋಡಬೇಕಾದರೆ ಚಲನಚಿತ್ರದ ಹಿನ್ನೆಲೆ ಗಾಯನಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯ ಕಥೆಯನ್ನು ತೆರೆಯಬೇಕು. ಆ ಕಥೆ ನಮ್ಮ ದುರ್ಗದಿಂದಲೇ ಶುರುವಾಗುತ್ತದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ತಳುಕಿನ ಸುಬ್ಬರಾಯರು, ನಮ್ಮೆಲ್ಲರ ತ.ರಾ.ಸು., 'ಹಂಸಗೀತೆ' ಎಂಬ ಕಾದಂಬರಿ ಬರೆದದ್ದನ್ನು ನೀವು ಬಲ್ಲಿರಿ. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅಧಿಕಾರದ ಆಜ್ಞೆಗೆ ಹಾಡುವುದಕ್ಕಿಂತ ನಾಲಗೆಯನ್ನೇ ಕತ್ತರಿಸಿಕೊಂಡನೆಂಬ ಐತಿಹ್ಯ ಅವನ ಹೆಸರಿಗೆ ಅಂಟಿಕೊಂಡಿದೆ. ಈ ಕಾದಂಬರಿಯನ್ನು ಆಧರಿಸಿ 1956ರಲ್ಲಿ ಹಿಂದಿಯವರು 'ಬಸಂತ್ ಬಹಾರ್' ಎಂಬ ಚಿತ್ರ ತೆಗೆದರು. ಅದರಲ್ಲೊಂದು ಹಾಡಿನ ಸ್ಪರ್ಧೆ ಬರುತ್ತದೆ. ಕಥಾನಾಯಕನಿಗೆ ದನಿ ಕೊಟ್ಟವರು ಮನ್ನಾ ಡೇ. ಎದುರಾಳಿಗೆ ದನಿ ಕೊಟ್ಟವರು ನಮ್ಮ ಗದಗಿನ ಭೀಮಸೇನ ಜೋಶಿಯವರು. ಕಥೆಯಂತೆ ನಾಯಕ ಗೆಲ್ಲಬೇಕು, ಜೋಶಿಯವರು ಸೋಲಬೇಕು! ಭೀಮಸೇನರನ್ನು ಹಾಡಿ ಸೋಲಿಸುವುದೆಂದರೇನು ಎಂದು ಹೆದರಿ ಓಡಿಹೋಗುವ ಯೋಚನೆ ಮಾಡಿದ್ದೆನೆಂದು ಮನ್ನಾ ಡೇ ಅವರೇ ಹೇಳಿಕೊಂಡಿದ್ದಾರೆ. ದುರ್ಗದ ಕಥೆ, ಅದರೊಳಗೆ ಕನ್ನಡದ ಗಾಯಕನಿಗೆ ಸೋಲುವ ಪಾತ್ರ. ವಿಧಿಯ ವಿನೋದ ಎನ್ನುವುದು ಇದಕ್ಕೇ ಇರಬೇಕು.

ಅದೇ ಕಾದಂಬರಿ 1975ರಲ್ಲಿ ಜಿ.ವಿ. ಅಯ್ಯರ್ ಅವರ ಕೈಯಲ್ಲಿ ಕನ್ನಡ ಚಿತ್ರವಾಯಿತು. ಅನಂತನಾಗ್ ವೆಂಕಟಸುಬ್ಬಯ್ಯನಾದರು. ಹಿನ್ನೆಲೆಯಲ್ಲಿ ಹಾಡಿದ ಡಾ. ಎಂ. ಬಾಲಮುರಳಿಕೃಷ್ಣ ಅವರಿಗೆ ಆ ವರ್ಷದ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂದಿತು. ನಾವು ಹಿಗ್ಗಿದೆವು. ಹಿಗ್ಗಬೇಕಾದದ್ದೇ. ಆದರೆ ಬಾಲಮುರಳಿಯವರು ಗೋದಾವರಿಯ ಸೀಮೆಯವರು, ತೆಲುಗರು. ಕರ್ನಾಟಕ ಸಂಗೀತವೋ, ಹೆಸರು ನಮ್ಮದಾದರೂ ಹಾಡುವುದು ಬಹುಪಾಲು ತೆಲುಗು ಸಂಸ್ಕೃತಗಳಲ್ಲಿ. ಇದನ್ನು ದೂರಾಗಿ ಹೇಳುತ್ತಿಲ್ಲ. ನಾದಕ್ಕೆ ಜಾತಿಯಿಲ್ಲವೆಂದು ಬಲ್ಲೆ. ಲಕ್ಸೆಂಬರ್ಗಿನ ಐದು ಗೆಲವುಗಳ ವಿಷಯ ಓದಿದಾಗ ನನಗೆ ಮೊದಲು ಹೊಳೆದದ್ದು ಇದು ಎಂದಷ್ಟೇ ಹೇಳುತ್ತೇನೆ.

ಮೂರು ವರ್ಷ ಕಳೆಯಿತು. 1978ನೆಯ ಸಾಲಿನ ಪ್ರಶಸ್ತಿಯ ಸುದ್ದಿ ಬಂದಾಗ ನಾನು ಬಿ.ಎ. ಓದುತ್ತಿದ್ದೆ. ಹಿಂದಿನ ವರ್ಷ ಅದನ್ನು ಪಡೆದವರು ಮಹಮ್ಮದ್ ರಫಿ. ಮುಂದಿನ ವರ್ಷ ಪಡೆದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ನಡುವಿನ ಆ ವರ್ಷ ಪಡೆದವರು ಶಿವಮೊಗ್ಗ ಸುಬ್ಬಣ್ಣ. ಹೊಸನಗರದ ಹತ್ತಿರದ ನಗರದವರು, ವೃತ್ತಿಯಿಂದ ವಕೀಲರು, ಬಾನುಲಿಯಲ್ಲಿ ಭಾವಗೀತೆ ಹಾಡುತ್ತಿದ್ದವರು. ಚಿತ್ರರಂಗದ ಜನವೆಂದು ಅವರನ್ನು ಯಾರೂ ಕರೆದಿರಲಿಲ್ಲ. ಚಂದ್ರಶೇಖರ ಕಂಬಾರರು ಬರೆದು ನಿರ್ದೇಶಿಸಿದ 'ಕಾಡು ಕುದುರೆ' ಚಿತ್ರದ ಒಂದು ಹಾಡಿಗೆ ಆ ಗೌರವ ಸಂದಿತು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರೇ.

ಆ ಹಾಡನ್ನು ನಾನು ಭದ್ರಾವತಿ ಆಕಾಶವಾಣಿಯಿಂದ ಕೇಳಿದೆ. ಒಮ್ಮೆ ಕೇಳಿದವರು ಅದನ್ನು ಮರೆಯಲಾರರು. ಸುಬ್ಬಣ್ಣನವರ ಕಂಠ ಅಲ್ಲಿ ಸಭೆಯ ಮುಂದೆ ಕುಳಿತ ಕಂಠವಲ್ಲ. ಊರ ಹೊರಗೆ ಗುಡ್ಡದ ಮೇಲೆ ನಿಂತು ಕೂಗಿದ ಕಂಠ. ಅದರ ನುಡಿ ಪಠ್ಯಪುಸ್ತಕದ ಕನ್ನಡವೂ ಅಲ್ಲ. ಬೆಳಗಾವಿ ಸೀಮೆಯ ಘೋಡಗೇರಿಯಲ್ಲಿ ಹುಟ್ಟಿದ ಕಂಬಾರರು ಬಾಲ್ಯದಲ್ಲಿ ಕೇಳಿದ ಲಾವಣಿ, ಬಯಲಾಟಗಳ ಲಯದಿಂದ ಕಡೆದ ನುಡಿ. ತೀರ್ಪುಗಾರರಲ್ಲಿ ಎಷ್ಟು ಜನಕ್ಕೆ ಅದು ಅರ್ಥವಾಗಿರಬೇಕು? ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನಿಗೇ ಅದರ ಕೆಲವು ಪದಗಳು ತಿಳಿಯಲಾರವು. ಆದರೂ ಗೆದ್ದಿತು. ನುಡಿ ನಮ್ಮದು, ಕಂಠ ನಮ್ಮದು, ಲಯ ನಮ್ಮ ಹಳ್ಳಿಯದು. ನನ್ನ ಸಹಪಾಠಿಗಳ ಮುಂದೆ ನಾನು ಅಂದು ಒಂದು ಪುಟ್ಟ ಭಾಷಣವನ್ನೇ ಮಾಡಿದೆ. ಗ್ರಾಮ್ಯವೆಂದು ನಾವು ಹೊರಗಿಟ್ಟ ನುಡಿಯೇ ದಿಲ್ಲಿಯ ಬಾಗಿಲು ತೆರೆಯಿತು ಎಂಬಂಥ ಮಾತು. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಬರುವ ಆವೇಶ ನಿಮಗೆ ಗೊತ್ತಿದೆ.

ಆಮೇಲಿನ ಕಥೆಯನ್ನು ಬೇಗ ಹೇಳುತ್ತೇನೆ. 1992ರ ಪ್ರಶಸ್ತಿ 'ಜೀವನ ಚೈತ್ರ'ದ ಗಾಯನಕ್ಕಾಗಿ ಡಾ. ರಾಜಕುಮಾರರಿಗೆ ಬಂದಿತು. 1995ರಲ್ಲಿ ಗಾನಯೋಗಿ ಪಂಚಾಕ್ಷರ ಗವಾಯಿಗಳ ಚಿತ್ರದ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಬಂದಿತು. ಚಿತ್ರ ಕನ್ನಡದ್ದು, ಆ ಹಾಡಿನ ಮಾತು ಮಾತ್ರ ಹಿಂದುಸ್ತಾನಿ ಚೀಜಿನದು. 2018ರ ಸಾಲಿನಲ್ಲಿ 'ನಾತಿಚರಾಮಿ'ಯ ಗೀತೆಗಾಗಿ ಬಿಂದುಮಾಲಿನಿಯವರು ಗಾಯಕಿಯರ ಪ್ರಶಸ್ತಿ ಪಡೆದರು. ಸುಬ್ಬಣ್ಣನವರು 2022ರ ಆಗಸ್ಟಿನಲ್ಲಿ ತೀರಿಕೊಂಡರು. ಆ ರಾತ್ರಿ ನಾನು 'ಕಾಡು ಕುದುರೆ'ಯ ಹಾಡನ್ನು ಮೊಮ್ಮಗನ ಮೊಬೈಲಿನಲ್ಲಿ ಹಾಕಿಸಿಕೊಂಡು ಎರಡು ಸಲ ಕೇಳಿದೆ.

ಈಗ ನನ್ನ ಪಾಲಿನ ಅಂಕದ ಮಾತಿಗೆ ಬರುತ್ತೇನೆ.

ನಿವೃತ್ತನಾದ ಮೇಲೆ ಹಳೆಯ ಕಾಗದಗಳನ್ನು ವಿಂಗಡಿಸುವ ಕೆಲಸವನ್ನು ಮುಂದೂಡುತ್ತ ಬಂದಿದ್ದೆ. ಕಳೆದ ಬೇಸಗೆಯಲ್ಲಿ ಒಂದು ಕಡತದೊಳಗೆ ಹಳದಿಗಟ್ಟಿದ ಹಾಳೆಯೊಂದು ಸಿಕ್ಕಿತು. ಮೂವತ್ತು ವರ್ಷಗಳ ಹಿಂದೆ ಎಳೆಯರಿಗಾಗಿ ನಡೆದ ಗಾಯನ ಸ್ಪರ್ಧೆಯೊಂದರಲ್ಲಿ ನಾನು ತೀರ್ಪುಗಾರನಾಗಿದ್ದೆ; ಅಂದು ನಾನು ಅಂಕ ಹಾಕಿದ ಪಟ್ಟಿಯ ಕಾರ್ಬನ್ ಪ್ರತಿ ಅದು. ಶ್ರುತಿ, ಲಯ, ಭಾವ, ಉಚ್ಚಾರಣೆ ಎಂದು ನಾಲ್ಕು ಅಂಕಣ, ಒಂದೊಂದಕ್ಕೂ ಹತ್ತು ಅಂಕ. ಹಾಡುವವರ ಹೆಸರಿಲ್ಲ, ಕ್ರಮಸಂಖ್ಯೆ ಮಾತ್ರ; ಪಕ್ಷಪಾತ ಬಾರದಿರಲೆಂದು ಹಾಗೆ ಮಾಡುತ್ತಿದ್ದರು. ಕ್ರಮಸಂಖ್ಯೆ 14ರ ಎದುರಿಗೆ ಶ್ರುತಿಗೆ 8, ಲಯಕ್ಕೆ 9, ಭಾವಕ್ಕೆ 8 ಎಂದಿತ್ತು. ಉಚ್ಚಾರಣೆಗೆ 1.

ಆ ಒಂದನ್ನು ನೋಡಿದೊಡನೆ ಎಲ್ಲವೂ ಕಣ್ಣೆದುರು ಬಂದಿತು. ಹತ್ತನೆಯ ತರಗತಿಯೊಳಗಿನ ಹುಡುಗಿ. ಹಿರಿಯೂರು ಕಡೆಯ ಗೊಲ್ಲರಹಟ್ಟಿಯವಳು, ನೆಂಟರ ಮನೆಯಲ್ಲಿದ್ದು ಓದುತ್ತಿದ್ದಳು. ಉಳಿದ ಮಕ್ಕಳೆಲ್ಲ ಹಾರ್ಮೋನಿಯಂ ಜೊತೆಗೆ ಧ್ವನಿಸುರುಳಿಯಿಂದ ಕಲಿತ ಭಾವಗೀತೆಗಳನ್ನು ಹಾಡಿದರು. ಈ ಹುಡುಗಿ ಯಾವ ವಾದ್ಯವೂ ಇಲ್ಲದೆ, ಕೈ ಕಟ್ಟಿಕೊಂಡು, ಒಂದು ಸೋಬಾನೆ ಪದ ಹೇಳಿದಳು. ಹಕಾರ ಅವಳ ನಾಲಗೆಯ ಮೇಲೆ ಇರಲೇ ಇಲ್ಲ. ಹಾಲು ಎನ್ನುವಲ್ಲಿ ಆಲು, ಹೂವು ಎನ್ನುವಲ್ಲಿ ಊವು. ಕನ್ನಡ ಎಂ.ಎ. ಆದ ನಾನು ಎಣಿಸುತ್ತ ಕುಳಿತೆ: ಒಂದು ತಪ್ಪು, ಎರಡು ತಪ್ಪು, ಏಳು, ಎಂಟು. ಬಹುಮಾನ ವಿತರಣೆಯಾದ ಮೇಲೆ ಅವಳು ನನ್ನ ಮೇಜಿನ ಬಳಿಗೆ ಬಂದು ತನಗೇಕೆ ಬರಲಿಲ್ಲವೆಂದು ಕೇಳಿದಳು. ಅಳುಮೋರೆಯೇನೂ ಇರಲಿಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದಳು. ಉಚ್ಚಾರ ಸರಿಯಿಲ್ಲಮ್ಮ, ತಿದ್ದಿಕೊಳ್ಳಬೇಕು ಎಂದೆ.

"ನಮ್ಮವ್ವ ಇಂಗೇ ಯೇಳ್ಕೊಟ್ಟಿದ್ದು ಸಾರ್" ಎಂದಳು. ಅಷ್ಟೆ. ಹೊರಟುಹೋದಳು.

ಅದೇ ವಾರ ನಾನು ತರಗತಿಯಲ್ಲಿ ಮಾಡುತ್ತಿದ್ದ ಪಾಠ ಯಾವುದು ಗೊತ್ತೆ? ಕನ್ನಡ ಭಾಷೆಯ ಚರಿತ್ರೆ. ಪಂಪನ ಕಾಲದಲ್ಲಿ ಪಾಲ್, ಪೂ, ಪುಲಿ ಎಂದಿದ್ದವು. ಮುಂದೆ ಪಕಾರ ಸವೆದು ಹಕಾರವಾಗಿ ಹಾಲು, ಹೂ, ಹುಲಿ ಎಂದಾದವು. ಹತ್ತನೆಯ ಶತಮಾನದಿಂದ ಈಚೆಗೆ ನಡೆದ ಈ ಬದಲಾವಣೆಯನ್ನು ನಾನು ಪ್ರತಿವರ್ಷವೂ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತಿದ್ದೆ. ಕೆಲವು ಆಡುನುಡಿಗಳಲ್ಲಿ ಈ ಹಕಾರವೂ ಬಿದ್ದುಹೋಗುತ್ತದೆ, ಇದು ಭಾಷೆಯ ಸಹಜ ಗತಿ, ತಪ್ಪೆಂದು ಭಾವಿಸಬಾರದು ಎಂದು ಪ್ರಶ್ನೋತ್ತರದಲ್ಲಿ ಬರೆಸುತ್ತಿದ್ದೆ. ಪಾಲ್, ಹಾಲು, ಆಲು. ಮೂರನೆಯ ಮೆಟ್ಟಿಲು ನನ್ನ ಕಣ್ಣೆದುರೇ ನಿಂತು ಹಾಡಿತು. ಹತ್ತಕ್ಕೆ ಒಂದು ಅಂಕ ಹಾಕಿದೆ. ಹತ್ತೊಂಬತ್ತರ ವಯಸ್ಸಿನಲ್ಲಿ 'ಕಾಡು ಕುದುರೆ'ಗಾಗಿ ಭಾಷಣ ಮಾಡಿದವನೂ ನಾನೇ.

ಆ ಹುಡುಗಿಯ ಹಿಂದೆ ಎಂಥ ಪರಂಪರೆಯಿತ್ತು ಎಂಬುದು ನನಗೆ ತಿಳಿಯದ ವಿಷಯವೂ ಆಗಿರಲಿಲ್ಲ. ಕಾಡುಗೊಲ್ಲರ ಹಟ್ಟಿಗಳಲ್ಲಿ ಗಂಡಸರು ಗಣೆ ಹಿಡಿದು ಜುಂಜಪ್ಪನ ಕಾವ್ಯ ಹಾಡುತ್ತಾರೆ; ಹೆಂಗಸರು ಎತ್ತಪ್ಪನ ಪದ, ಸೋಬಾನೆ ಪದಗಳನ್ನು ಒಬ್ಬರು ಎತ್ತಿಕೊಟ್ಟು ಉಳಿದವರು ಹಿಡಿದು ಇರುಳಿಡೀ ನಡೆಸುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಸಾವಿರಾರು ಪದಗಳು ಬಾಯಿಗೆ ಬರುತ್ತಿದ್ದವು. ಡಾ. ಕೃಷ್ಣಮೂರ್ತಿ ಹನೂರರು ಅವನ್ನು ಬರೆದುಕೊಂಡರು; ಅಕ್ಷರ ಬಾರದ ಆ ತಾಯಿಯನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಕರೆದು ಗೌರವಿಸಿತು. ಸಿರಿಯಜ್ಜಿಯನ್ನು ನನ್ನ ಆ ಮೇಜಿನ ಮುಂದೆ ನಿಲ್ಲಿಸಿದ್ದರೆ ಉಚ್ಚಾರಣೆಯ ಅಂಕಣದಲ್ಲಿ ನಾನು ಏನು ಬರೆಯುತ್ತಿದ್ದೆ? ಯೋಚಿಸಿದರೆ ಮೈ ಬೆವರುತ್ತದೆ.

ಲಂಡನ್ನಿನ ಆ ಸಂಜೆ ಲಕ್ಸೆಂಬರ್ಗಿನ ಹಾಡಿಗೆ ಅಂಕ ಕೊಟ್ಟ ಆ ಒಬ್ಬ ತೀರ್ಪುಗಾರನ ವಿಷಯವನ್ನು ನಾನು ಈಚೆಗೆ ಬಹಳ ನೆನೆಯುತ್ತೇನೆ. ಅವನೂ ಒಂದೇ ಅಂಕ ಕೊಟ್ಟ, ನಾನೂ ಒಂದೇ ಅಂಕ ಕೊಟ್ಟೆ. ಆದರೆ ಅವನ ಕೈಯಲ್ಲಿದ್ದದ್ದೇ ಒಂದು. ನನ್ನ ಕೈಯಲ್ಲಿ ಹತ್ತು ಇದ್ದವು.

ಪಟ್ಟಿ ಸಿಕ್ಕಿದ ಮೇಲೆ ಸುಮ್ಮನೆ ಕೂಡಲಾಗಲಿಲ್ಲ. ಪರಿಚಯದ ಮಾಸ್ತರರೊಬ್ಬರನ್ನು ಜೊತೆಮಾಡಿಕೊಂಡು ಹಿರಿಯೂರಿನ ಕಡೆ ಎರಡು ಹಟ್ಟಿಗಳಿಗೆ ಹೋಗಿ ಬಂದೆ. ಹೆಸರಿಲ್ಲದ ಹುಡುಗಿಯನ್ನು, ಅದೂ ಈಗ ನಲವತ್ತು ದಾಟಿರಬೇಕಾದವಳನ್ನು, ಎಲ್ಲಿ ಹುಡುಕುವುದು? ಯಾರಿಗೂ ತಿಳಿಯಲಿಲ್ಲ. ಎರಡನೆಯ ಹಟ್ಟಿಯಲ್ಲಿ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ ನನ್ನ ಮಾತನ್ನೆಲ್ಲ ಸಮಾಧಾನದಿಂದ ಕೇಳಿ, "ಯಾವ್ ಪದ ಯೇಳಿದ್ಲು ಅಂತ ಯೇಳಪ್ಪ, ಪದ ಗೊತ್ತಾದ್ರೆ ಯಾರ ಮನೇದು ಅಂತ ಗೊತ್ತಾಯ್ತದೆ" ಎಂದರು.

ನಾನು ನೆನಪಿಸಿಕೊಳ್ಳಲು ಯತ್ನಿಸಿದೆ. ಅವಳು ನಿಂತ ರೀತಿ ನೆನಪಿತ್ತು, ಕಟ್ಟಿದ ಕೈ ನೆನಪಿತ್ತು, ಬಿಟ್ಟ ಹಕಾರಗಳು ಒಂದೊಂದೂ ನೆನಪಿದ್ದವು. ಪದ ಯಾವುದೆಂದು ಮಾತ್ರ ನೆನಪಿಗೆ ಬರಲಿಲ್ಲ. ಅಜ್ಜಿ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಮಾಸ್ತರರ ಕಡೆ ತಿರುಗಿ, ಬಿಸಿಲು ಜಾಸ್ತಿಯಾಗಿದೆ, ಇವರಿಗೆ ಮಜ್ಜಿಗೆ ಕೊಡಿಸಿ ಎಂದರು.